ದ್ರಾಕ್ಷಿಯ ಲೆಕ್ಕ ನನ್ನದಲ್ಲ

ದಾನೇಶ್ವರಿ, ನಿನ್ನ ಉತ್ತರ ಸರಿಯಾಗಿತ್ತು. ತಪ್ಪು ನನ್ನದು. ತಪ್ಪೆಂದು ನನಗೆ ಅದೇ ದಿನ ಗೊತ್ತಾಯಿತು, ಇನ್ನೂ ಮನೆ ಮುಟ್ಟುವ ಮೊದಲೇ. ಗೊತ್ತಾಗಿಯೂ ಹನ್ನೊಂದು ವರ್ಷ ಬಾಯಿ ಬಿಡಲಿಲ್ಲ. ಇದು ಒಂದು. ಇನ್ನೊಂದು ಇದಕ್ಕಿಂತ ಕೆಟ್ಟದ್ದು—ನಿನ್ನ ಅಪ್ಪ ಸಂಗಪ್ಪನವರು ನಮ್ಮ ಮನೆಗೆ ತಂದುಕೊಟ್ಟ ಲೆಕ್ಕದ ವಹಿ ನನ್ನ ಹತ್ತಿರವೇ ಇದೆ. ಹೋದ ತಿಂಗಳು ನೀನು ಬಂದು ಕೇಳಿದಾಗ ಇಲ್ಲ ಎಂದೆನಲ್ಲ, ಆಗಲೂ ಅದು ನೀನು ಕುಳಿತ ಕುರ್ಚಿಯ ಹಿಂದಿನ ಕಪಾಟಿನಲ್ಲಿತ್ತು.

ಓದುಗರಿಗೆ ಒಂದು ಮಾತು. ಈ ಜಾಗದಲ್ಲಿ ವಾರವಾರವೂ ಮಕ್ಕಳು ಮತ್ತು ಮನೆಮಂದಿ ಕೂಡಿ ಬಿಡಿಸುವ ಒಂದು ಮೋಜಿನ ಲೆಕ್ಕ ಇರುತ್ತಿತ್ತು. ಈ ವಾರ ಅದರ ಬದಲು ಈ ಪತ್ರ. ಇದು ತಿಕೋಟಾದ ಒಬ್ಬ ಹೆಣ್ಣುಮಗಳಿಗೆ ಬರೆದದ್ದು, ಆದರೆ ನೀವೂ ಓದಬೇಕು, ಏಕೆಂದರೆ ಮೋಸ ನಿಮಗೂ ಆಗಿದೆ. ಸಂಪಾದಕರು ಓದಿ, ಈ ವಯಸ್ಸಿನಾಗ ಇದೆಲ್ಲಾ ಯಾಕ್ರಿ ಸರ್ ಎಂದರು. ಈ ವಯಸ್ಸಿನಲ್ಲಿ ಅಲ್ಲದಿದ್ದರೆ ಇನ್ನು ಯಾವಾಗ ಎಂದೆ. ಒಂದಕ್ಷರ ತಿದ್ದದೆ ಹಾಕಲು ಒಪ್ಪಿದ್ದಾರೆ.

ನಾನು ವಿಜಯಪುರದಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದವನು. ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಹತ್ತಿರ, ಮನೆ. ಮಾಸ್ತರರ ಲೆಕ್ಕ ತಪ್ಪುವುದಿಲ್ಲ ಎಂದು ಜನ ಅನ್ನುತ್ತಿದ್ದರು. ಕೇಳಿ ಕೇಳಿ ನಾನೂ ನಂಬಿಬಿಟ್ಟಿದ್ದೆ. ಹುಡುಗರು ತಪ್ಪು ಮಾಡಿದರೆ ಕಿವಿ ಹಿಂಡುತ್ತಿದ್ದೆ. ನನ್ನ ಕಿವಿ ಹಿಂಡುವವರು ಯಾರೂ ಇರಲಿಲ್ಲ, ಒಂದೇ ಒಂದು ಸಲ ಹಿಂಡಿದ ಸುಮಿತ್ರೆಯನ್ನು ಬಿಟ್ಟರೆ. ಸುಮಿತ್ರಾ ಎಂದರೆ ನನ್ನ ಹೆಂಡತಿ. ಆಕೆಯ ಮಾತು ಕೊನೆಗೆ ಬರುತ್ತದೆ.

ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ದ್ರಾಕ್ಷಿ ಕಟಾವಿನ ದಿನಗಳು. ಬಬಲೇಶ್ವರದ ಒಂದು ಸಾಲೆಯ ಸಭಾಂಗಣದಲ್ಲಿ ಮನೆಮಂದಿಯ ಲೆಕ್ಕದ ಆಟ ಏರ್ಪಡಿಸಿದ್ದೆ. ಒಂದು ಮನೆಗೆ ಒಂದು ಜಮಖಾನೆ, ಒಂದು ಪಾಟಿ, ಒಂದು ಬಳಪ. ಬಳಪ ಮನೆಯ ಎಲ್ಲರಿಗಿಂತ ಚಿಕ್ಕ ಮಗುವಿನ ಕೈಯಲ್ಲಿ ಇರಬೇಕು. ದೊಡ್ಡವರು ಬಾಯಿಂದ ಹೇಳಬಹುದು, ಬರೆಯುವಂತಿಲ್ಲ. ಈ ನಿಯಮವೊಂದು ಮಾತ್ರ ನಿಜವಾಗಿ ನನ್ನದು. ಅದರ ಮಜಾ ನೋಡಬೇಕಿತ್ತು! ಅಪ್ಪ ಒಂದು ಹೇಳುತ್ತಾನೆ, ಅವ್ವ ಇನ್ನೊಂದು ಹೇಳುತ್ತಾಳೆ, ಅಜ್ಜಿ ಬೆರಳ ಗೆಣ್ಣು ಎಣಿಸುತ್ತ ಇಬ್ಬರನ್ನೂ ಬೈಯುತ್ತಾಳೆ, ಬಳಪ ಹಿಡಿದ ಮಗು ಯಾರ ಮಾತೂ ಕೇಳದೆ ತನಗೆ ತೋಚಿದ್ದನ್ನು ಬರೆಯುತ್ತದೆ.

ಕೊನೆಯ ಸುತ್ತಿಗೆ ನಾಲ್ಕು ಮನೆಗಳು ಉಳಿದವು: ನಿಡೋಣಿಯದೊಂದು, ಸಾರವಾಡದ್ದೊಂದು, ವಿಜಯಪುರ ಶಹರದ್ದೊಂದು, ಮತ್ತೆ ನಿಮ್ಮದು. ನೀನಾಗ ಆರನೆಯ ಇಯತ್ತೆ. ಅಪ್ಪ ಸಂಗಪ್ಪ ಒಣದ್ರಾಕ್ಷಿಯ ಶೆಡ್ಡಿನಲ್ಲಿ ತೂಕದ ಕೆಲಸ ಮಾಡುವವರು, ಅವ್ವ ಶಾಂತವ್ವ ಅದೇ ಶೆಡ್ಡಿನಲ್ಲಿ ಒಣದ್ರಾಕ್ಷಿ ಆರಿಸುವವರು, ಜೊತೆಗೆ ನಿನ್ನ ಅಜ್ಜಿ. ಗೆದ್ದ ಮನೆಗೆ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ ಒಂದು ಕರಿಹಲಗೆ ಬಹುಮಾನ. ನೀನು ಊಟದ ಬಿಡುವಿನಲ್ಲಿ ಅದರ ಹತ್ತಿರ ಹೋಗಿ, ಯಾರೂ ನೋಡುತ್ತಿಲ್ಲವೆಂದು ತಿಳಿದು, ಅಂಗೈಯಿಂದ ಒಮ್ಮೆ ಸವರಿದ್ದೆ. ನಾನು ನೋಡಿದ್ದೆ.

ಕೊನೆಯ ಪ್ರಶ್ನೆಯನ್ನು ಅಂದು ಮುಂಜಾನೆ ಬಸ್ಸಿನಲ್ಲಿ ಕೂತು ಹೊಸೆದಿದ್ದೆ. ದಾರಿಯುದ್ದಕ್ಕೂ ದ್ರಾಕ್ಷಿ ತೋಟ ಕಂಡವಲ್ಲ, ಅದಕ್ಕೇ ದ್ರಾಕ್ಷಿಯ ಪ್ರಶ್ನೆ. ನೂರು ಕಿಲೋ ದ್ರಾಕ್ಷಿ ಇದೆ. ಅದರ ತೂಕದಲ್ಲಿ ನೂರಕ್ಕೆ ಎಂಬತ್ತು ಪಾಲು ನೀರು. ಬಿಸಿಲಿಗೆ ಹಾಕಿದ ಮೇಲೆ ನೂರಕ್ಕೆ ಅರವತ್ತು ಪಾಲು ನೀರು ಉಳಿಯಿತು. ಈಗ ದ್ರಾಕ್ಷಿಯ ತೂಕ ಎಷ್ಟು? ಎಂಬತ್ತರಿಂದ ಅರವತ್ತಕ್ಕೆ ಇಳಿದರೆ ಇಪ್ಪತ್ತು ಹೋಯಿತು, ಎಂಬತ್ತು ಕಿಲೋ ಉಳಿಯಿತು—ಹೀಗೆ ಬಸ್ಸಿನ ಕುಲುಕಾಟದಲ್ಲಿ ಉತ್ತರ ಬರೆದಿಟ್ಟುಕೊಂಡೆ. ಎರಡನೇ ಸಲ ನೋಡಲಿಲ್ಲ. ನನ್ನ ಲೆಕ್ಕವನ್ನು ನಾನು ಎರಡನೇ ಸಲ ನೋಡುವುದೆ?

ಪ್ರಶ್ನೆ ಓದಿದ ಕೂಡಲೇ ನಿನ್ನ ಅವ್ವ ಪಕ್ಕದ ಜಮಖಾನೆಯವರಿಗೂ ಕೇಳುವ ಹಾಗೆ, ದ್ರಾಕ್ಷಿ ಬಿಸಿಲಿಗೆ ಯಾರು ಹಾಕುತ್ತಾರೆ, ಕಪ್ಪಾಗಿ ಹೋಗುತ್ತವೆ, ನೆರಳಿನಲ್ಲಿ ಜಾಲರಿಯ ಮೇಲೆ ಒಣಗಿಸಬೇಕು ಎಂದು ಗೊಣಗಿದರು. ಅಲ್ಲಲ್ಲಿ ನಗು. ನನ್ನ ಕಿವಿ ಬಿಸಿಯಾಯಿತು. ದ್ರಾಕ್ಷಿ ಸೀಮೆಯಲ್ಲೇ ಹುಟ್ಟಿ ಬೆಳೆದವನು, ದ್ರಾಕ್ಷಿ ಒಣಗುವುದು ನೆರಳಲ್ಲಿ ಎಂಬುದೂ ನನಗೆ ಗೊತ್ತಿರಲಿಲ್ಲ. ತಿನ್ನುವುದಷ್ಟೇ ಗೊತ್ತಿತ್ತು. ಆ ಸಿಟ್ಟು ಒಳಗೆ ಕೂತಿತು. ಮುಂದೆ ಆದದ್ದರಲ್ಲಿ ಅದರ ಪಾಲೂ ಇದೆ, ಹೇಳಿಬಿಡುತ್ತೇನೆ.

ಗಂಟೆ ಬಾರಿಸಿದೆ. ಪಾಟಿಗಳು ಮೇಲೆದ್ದವು. ನಿಡೋಣಿಯವರದು ಎಂಬತ್ತು. ಸಾರವಾಡದವರದು ಎಂಬತ್ತು. ಶಹರದವರದು ಎಂಬತ್ತು. ನಿನ್ನ ಪಾಟಿಯ ಮೇಲೆ ಐವತ್ತು. ದುಂಡಗೆ, ದೊಡ್ಡದಾಗಿ ಬರೆದಿದ್ದೆ.

ನಾನು ತಪ್ಪು ಎಂದೆ. ನೀನು ಎದ್ದು ನಿಂತೆ. ಕೈ ಕಟ್ಟಿಕೊಂಡು, ಹೆದರದೆ, "ಸರ್, ನೀರಷ್ಟೇ ಹೋಗತೈತ್ರಿ. ಒಳಗಿನ ಮಾಲು ಹಂಗೇ ಇರತೈತ್ರಿ," ಎಂದೆ. ಒಂದೇ ಸಾಲು. ಇಡೀ ಲೆಕ್ಕ ಅದರಲ್ಲಿತ್ತು. ಮೂವತ್ತು ವರ್ಷದ ಮಾಸ್ತರನಿಗೆ ಅರೆಗಳಿಗೆ ಸುಮ್ಮನೆ ನಿಂತು ಆ ಸಾಲು ಕೇಳಿಸಿಕೊಂಡಿದ್ದರೆ ಸಾಕಿತ್ತು. ನಾನು ಮೂರು ಪಾಟಿಗಳ ಕಡೆ ನೋಡಿದೆ, ಮೂರರಲ್ಲೂ ನನ್ನದೇ ಉತ್ತರ—ಮತ್ತೆ ನಿನ್ನ ಅವ್ವನ ಆ ಗೊಣಗಾಟ—

"ಶೆಡ್ಡಿನ ಮಾತು ಶೆಡ್ಡಿನ್ಯಾಗ ಇರಲಿ ತಂಗಿ. ಇದು ಗಣಿತ."

ಇವು ನನ್ನ ಮಾತುಗಳು. ಸಭಾಂಗಣ ನಕ್ಕಿತು. ನಾನೂ ನಕ್ಕೆ. ನೀನು ಕೂತು, ಲಂಗದ ಅಂಚಿನಿಂದ ಪಾಟಿ ಒರೆಸಿದೆ. ಒರೆಸಿದ ಮೇಲೂ ಒರೆಸುತ್ತಲೇ ಇದ್ದೆ. ಮೊದಲು ಪಾಟಿ ಎತ್ತಿದವರೆಂದು ಕರಿಹಲಗೆ ನಿಡೋಣಿಯವರಿಗೆ ಹೋಯಿತು. ಅವರು ಅದನ್ನು ಹೊತ್ತುಕೊಂಡು ಹೋಗುವಾಗ ನಿನ್ನ ಅಪ್ಪ ಎದ್ದುನಿಂತು ಚಪ್ಪಾಳೆ ತಟ್ಟಿದರು, ನಿನ್ನ ಕೈಯಿಂದಲೂ ತಟ್ಟಿಸಿದರು. ನಾನು ಅದನ್ನು ನೋಡಿ, ಪಾಪ, ಒಳ್ಳೆಯ ಮಂದಿ ಎಂದುಕೊಂಡೆ. ಪಾಪ ಅಂತೆ! ಎಂಥ ಸೊಕ್ಕು ನೋಡು.

ಮರಳುವ ಬಸ್ಸಿನಲ್ಲಿ ನಿನ್ನ ಸಾಲು ಮತ್ತೆ ಮತ್ತೆ ನೆನಪಾಯಿತು. ಒಳಗಿನ ಮಾಲು ಹಾಗೇ ಇರುತ್ತದೆ... ನೂರು ಕಿಲೋದಲ್ಲಿ ನೀರು ಎಂಬತ್ತಾದರೆ ಮಾಲು ಇಪ್ಪತ್ತು ಕಿಲೋ. ಒಣಗಿದರೂ ಅದು ಇಪ್ಪತ್ತೇ. ಆದರೆ ನೀರು ನೂರಕ್ಕೆ ಅರವತ್ತಾದಾಗ ಮಾಲು ನೂರಕ್ಕೆ ನಲವತ್ತು ಆಗಬೇಕು. ಇಪ್ಪತ್ತು ಕಿಲೋ ಎಂಬುದು ನೂರಕ್ಕೆ ನಲವತ್ತು ಪಾಲು ಆಗಬೇಕಾದರೆ ಒಟ್ಟು ತೂಕ ಐವತ್ತು. ಐವತ್ತು! ಟಿಕೆಟ್ಟಿನ ಹಿಂದೆ ಬರೆದು ನೋಡಿದೆ. ಬಸ್ಸು ಆಗಷ್ಟೇ ಸಾರವಾಡದಲ್ಲಿ ನಿಂತಿತ್ತು. ಇಳಿಯಬಹುದಿತ್ತು. ಎದುರಿನಿಂದ ಬರುವ ಬಸ್ಸು ಹತ್ತಿ ಹೋಗಿದ್ದರೆ ಸಾಲೆಯ ಅಂಗಳದಲ್ಲೇ ಸಿಗುತ್ತಿದ್ದಿರಿ. ನಾನು ಟಿಕೆಟ್ಟನ್ನು ಮುದ್ದೆ ಮಾಡಿ ಕಿಟಕಿಯಿಂದ ಎಸೆದೆ.

ಒಂದು ತಿಂಗಳು ಕಳೆದಿರಬೇಕು. ಮುಂಜಾನೆ ಗೇಟಿನ ಹತ್ತಿರ ಯಾರೋ ಸರ್ ಎಂದು ಕೂಗಿದರು. ಕಿಟಕಿಯಿಂದ ಇಣುಕಿದರೆ ನಿನ್ನ ಅಪ್ಪ. ಬಿಳಿ ಅಂಗಿ, ಟೋಪಿ, ಬಗಲಲ್ಲಿ ಒಂದು ವಹಿ. ಸುಮಿತ್ರೆಗೆ ಕೈಸನ್ನೆ ಮಾಡಿದೆ—ಇಲ್ಲ ಅನ್ನು. ಆಕೆ ನನ್ನ ಮುಖ ನೋಡಿ, ಏನೂ ಕೇಳದೆ ಹೋಗಿ, ಮನೆಯಲ್ಲಿಲ್ಲ ಎಂದಳು. ನಾನು ಒಳಕೋಣೆಯ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಜಗಳಕ್ಕೆ ಬಂದಿದ್ದಾರೆ ಎಂದುಕೊಂಡಿದ್ದೆ. ನಿನ್ನ ಅಪ್ಪ ಹೇಳಿದ್ದು ಇಷ್ಟು: "ಸರ್ ತಪ್ಪು ಅನ್ನಾಕ ಬಂದಿಲ್ರಿ ಅಕ್ಕಾರ. ಹುಡುಗಿ ತೂಗಿ ನೋಡೂಣು ಅಂದ್ಳು, ತೂಗಿ ನೋಡೇವಿ. ನಾವು ಎಲ್ಲಿ ತಪ್ಪೇವಿ, ಸರ್ ಒಮ್ಮಿ ತೋರಿಸಿಕೊಟ್ರ ಸಾಕ್ರಿ."

ವಹಿ ಕೊಟ್ಟರು, ಸರ್ ನೋಡಿಟ್ಟರೆ ಮತ್ತೊಮ್ಮೆ ಬಂದು ಒಯ್ಯುತ್ತೇನೆ ಎಂದರು. ನೀರು ಬೇಕೇ ಎಂದರೆ ಬೇಡ ಎಂದು ಹೋದರು. ಮತ್ತೆ ಎರಡು ಸಲ ಬಂದರು. ಎರಡು ಸಲವೂ ನಾನು ಮನೆಯಲ್ಲಿದ್ದೆ, ಎರಡು ಸಲವೂ ಇಲ್ಲ ಎನ್ನಿಸಿದೆ. ಮೂರನೆಯ ಸಲದ ನಂತರ ಬರಲಿಲ್ಲ.

ಆ ವಹಿಯ ಬಗ್ಗೆ ಹೇಗೆ ಹೇಳಲಿ? ಗಣಿತದ ಎಷ್ಟೋ ಪುಸ್ತಕ ತಿರುವಿದ್ದೇನೆ, ಅಂಥದೊಂದು ಕೈಗೆ ಬಂದಿರಲಿಲ್ಲ. ಮೊದಲ ಪುಟದಲ್ಲಿ ತೂಕದ ಪಟ್ಟಿ. ನೀವು ಹತ್ತು ಕಿಲೋ ದ್ರಾಕ್ಷಿ ತೂಗಿ, ಒಂದು ಜಾಲರಿಯ ಮೇಲೆ ಹರಡಿ, ದಿನಾ ಮುಂಜಾನೆ ತೂಗಿ ಬರೆದಿದ್ದಿರಿ. ಪೂರಾ ಒಣಗಿದ ಮೇಲೂ ಬಿಡದೆ, ತಗಡಿನ ಮೇಲೆ ಹಾಕಿ, ಕಲ್ಲಿನ ಹರಳಿನಂತೆ ಆಗುವ ತನಕ ಒಣಗಿಸಿ ಕೊನೆಯ ತೂಕ ಹಿಡಿದಿದ್ದಿರಿ. ಎರಡು ಕಿಲೋ. ಸಂಗಪ್ಪನವರು ಪಕ್ಕದಲ್ಲಿ ಪ್ರಾಮಾಣಿಕವಾಗಿ "ಮ್ಯಾಲೆ ಒಂದು ಚಿಟಿಕಿ" ಎಂದೂ ಸೇರಿಸಿದ್ದರು. ಅಂದರೆ ನೀರಿಲ್ಲದ ಮಾಲು ಎರಡು ಕಿಲೋ. ಆಮೇಲೆ ಪಟ್ಟಿಯಲ್ಲಿ ಹಿಂದಕ್ಕೆ ಹೋಗಿದ್ದರು. ತೂಕ ಐದು ಕಿಲೋ ಇದ್ದ ದಿನ ಮಾಲು ಎರಡು, ನೀರು ಮೂರು: ಐದರಲ್ಲಿ ಮೂರು ಎಂದರೆ ನೂರರಲ್ಲಿ ಅರವತ್ತು. ಹತ್ತಕ್ಕೆ ಐದಾದರೆ ನೂರಕ್ಕೆ ಐವತ್ತು. ಕೆಳಗೆ ಇನ್ನೊಂದು ಸಾಲು. ತೂಕ ಎಂಟು ಕಿಲೋ ಇದ್ದ ದಿನ ಮಾಲು ಎರಡು, ನೀರು ಆರು, ಅಂದರೆ ನೂರಕ್ಕೆ ಎಪ್ಪತ್ತೈದು. ಇದು ಸರ್ ಹೇಳಿದ ದಿನ, ಆದರೆ ನೀರು ಇನ್ನೂ ಅರವತ್ತಕ್ಕೆ ಇಳಿದಿಲ್ಲ.

ಸರ್ ಹೇಳಿದ ದಿನ! ತಪ್ಪು ಎಂಬ ಶಬ್ದವನ್ನು ಎಲ್ಲಿಯೂ ಬಳಸಿರಲಿಲ್ಲ. ನನ್ನ ಉತ್ತರಕ್ಕೂ ಪಟ್ಟಿಯಲ್ಲಿ ಒಂದು ದಿನ ಹುಡುಕಿ ಕೊಟ್ಟಿದ್ದರು. ಇಂಥ ಮರ್ಯಾದೆಯನ್ನು ನಾನು ನನ್ನ ಯಾವ ವಿದ್ಯಾರ್ಥಿಗೂ ತೋರಿಸಿರಲಿಲ್ಲ.

ಅಲ್ಲಿಗೇ ಮುಗಿದಿದ್ದರೆ ಆ ಪಟ್ಟಿಯನ್ನು ಮುಚ್ಚಿಟ್ಟು ಸುಮ್ಮನಾಗುತ್ತಿದ್ದೆನೇನೋ. ಆದರೆ ಮುಂದಿನ ಪುಟಗಳು—ಯಪ್ಪಾ, ಏನು ಮನೆ ಅದು! ತೂಗುವ ಹುಮ್ಮಸ್ಸಿನಲ್ಲಿ ಮನೆಮಂದಿಯೆಲ್ಲ ಲೆಕ್ಕ ಕಟ್ಟಲು ಶುರು ಮಾಡಿದ್ದರು. ಶೆಡ್ಡಿನಲ್ಲಿ ಜಾಲರಿಗಳು ಒಂದರ ಮೇಲೊಂದು ಇವೆ. ನಾನು ಕೈ ಇಟ್ಟ ಜಾಲರಿ ಕೆಳಗಿನಿಂದ ಆರನೆಯದು, ಮೇಲಿನಿಂದಲೂ ಆರನೆಯದು, ಹಾಗಾದರೆ ಒಟ್ಟು ಜಾಲರಿ ಎಷ್ಟು? ಹನ್ನೆರಡು ಎನ್ನದವರು ಕಡಿಮೆ. ಉತ್ತರ ಹನ್ನೊಂದು, ಏಕೆಂದರೆ ಕೈ ಇಟ್ಟ ಜಾಲರಿಯನ್ನು ಎರಡು ಸಲ ಎಣಿಸಬಾರದು. ಪಕ್ಕದಲ್ಲಿ ಸಂಗಪ್ಪನವರ ಕೈಯಿಂದ ಶೆಡ್ಡಿನ ಚಿತ್ರ, ಪ್ರತಿ ಜಾಲರಿಯ ಗಂಟೂ ಕಾಣುವ ಹಾಗೆ. ಇನ್ನೊಂದು ಪುಟದಲ್ಲಿ ಹೀಗಿತ್ತು. ಮೂವರು ಹೆಣ್ಣುಮಕ್ಕಳು ಮೂರು ತಾಸಿನಲ್ಲಿ ಮೂರು ಬುಟ್ಟಿ ಒಣದ್ರಾಕ್ಷಿ ಆರಿಸಿದರೆ, ಆರು ಹೆಣ್ಣುಮಕ್ಕಳು ಆರು ತಾಸಿನಲ್ಲಿ ಎಷ್ಟು ಬುಟ್ಟಿ ಆರಿಸುತ್ತಾರೆ? ಆರು ಎಂದು ಬಾಯಿಗೆ ಬರುತ್ತದೆ, ಸರಿಯಾದದ್ದು ಹನ್ನೆರಡು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ "ಮಾತಾಡ್ಕೋತ ಆರಿಸಿದ್ರ ಹತ್ತು" ಎಂದಿತ್ತು. ಅದನ್ನು ಓದಿ ನಾನು ಒಬ್ಬನೇ ಜೋರಾಗಿ ನಕ್ಕೆ.

ಬರೆದವರು ಸಂಗಪ್ಪನವರು ಒಬ್ಬರೇ, ತೂಕದ ಚೀಟಿ ಬರೆದು ಬರೆದು ಪಳಗಿದ ಕೈ, ಅಂಕಿಗಳು ಅಚ್ಚು ಹೊಡೆದ ಹಾಗೆ. ಆದರೆ ಪ್ರತಿ ಲೆಕ್ಕದ ಅಡಿಯಲ್ಲಿ ಅದು ಯಾರದೆಂದು ಒಂದು ಸಾಲು. ಇದು ದಾನವ್ವಂದು, ಅಂದರೆ ನಿನ್ನದು. ಇದು ಶಾಂತವ್ವಂದು. ಇದು ನಮ್ಮ ಅವ್ವಂದು. ಒಂದು ಕಡೆ, ಇದು ತಿಕೋಟಾ ಬಸ್ಸಿನ ಕಂಡಕ್ಟರ್ ಹೇಳಿದ್ದು, ಹೆಸರು ಕೇಳಬೇಕು. ಕಂಡಕ್ಟರನ ಹೆಸರನ್ನೂ ಬಿಡಬಾರದು ಎಂಬ ಮಂದಿ!

ನಾನು ಎಲ್ಲರ ಹೆಸರನ್ನೂ ಬಿಟ್ಟೆ. ನಿವೃತ್ತಿಯ ನಂತರ ಈ ಪತ್ರಿಕೆ ಅಂಕಣ ಕೇಳಿತು. ಮೊದಲ ಕೆಲವು ವಾರ ನನ್ನ ತಲೆಯಿಂದಲೇ ಬರೆದೆ, ಓದಿದವರು ಆಕಳಿಸಿದರು. ಆಮೇಲೆ ವಹಿ ತೆಗೆದೆ. ಜಾಲರಿಯ ಲೆಕ್ಕ ಅಚ್ಚಾದ ವಾರ ಮನೆಗೆ ಹದಿನೈದು ಪತ್ರ ಬಂದವು. ಒಂದೊಂದಾಗಿ ಕಳಿಸಿದೆ. ದ್ರಾಕ್ಷಿಯ ಲೆಕ್ಕವನ್ನೂ ಕಳಿಸಿದೆ, ಈ ಸಲ ಸರಿಯಾದ ಉತ್ತರದ ಜೊತೆ, ತೂಕದ ಪಟ್ಟಿಯ ಜೊತೆ. ನಾನು ಸ್ವತಃ ತೂಗಿ ನೋಡಿದೆ ಎಂದು ಬರೆದುಕೊಂಡೆ. ತಕ್ಕಡಿ ಹಿಡಿದು ಗೊತ್ತಿಲ್ಲದ ಮನುಷ್ಯ ನಾನು. ಅಂಕಣ ಪುಸ್ತಕವಾಯಿತು. ಮೊದಲ ಲೆಕ್ಕ ದ್ರಾಕ್ಷಿಯದೇ. ಎಷ್ಟೋ ಊರಲ್ಲಿ ಶಾಲು ಹೊದಿಸಿದರು. ನಮ್ಮ ನೆಲದ ವಾಸನೆ ಇರುವ ಗಣಿತ ಎಂದರು. ನಾನು ಕೈಮುಗಿದೆ.

ಹೋದ ತಿಂಗಳು ನೀನು ಬಂದೆ. ಮೊದಲು ಗುರುತು ಸಿಗಲಿಲ್ಲ. ಕಾಲಿಗೆ ನಮಸ್ಕರಿಸಿ, ತಿಕೋಟಾದ ಸಂಗಪ್ಪನ ಮಗಳು ಎಂದೆ. ಬಿ.ಎಸ್ಸಿ. ಮುಗಿಸಿದ್ದೀಯ, ಬಬಲೇಶ್ವರದ ಒಂದು ಸಾಲೆಯಲ್ಲಿ ಗಣಿತ ಕಲಿಸುತ್ತೀಯ. ಅಪ್ಪ ತೀರಿಕೊಂಡು ಮೂರು ವರ್ಷ ಆಯಿತು ಎಂದೆ. ಹಂಗಾಮು ಮುಗಿದು ಶೆಡ್ಡು ಖಾಲಿ ಇರುವ ತಿಂಗಳುಗಳಲ್ಲಿ ಭಾನುವಾರ ಮುಂಜಾನೆ ಅಲ್ಲಿ ಮನೆಮಂದಿಗೆ ಲೆಕ್ಕದ ಆಟ ಆಡಿಸುತ್ತೀಯಂತೆ, ನಾನು ಬಂದು ಒಮ್ಮೆ ನೋಡಬೇಕಂತೆ. ನೀನು ಚೀಲದಿಂದ ನನ್ನ ಪುಸ್ತಕ ತೆಗೆದೆ. ಅದರ ಮೂಲೆಗಳು ಮಡಿಸಿ ಮಡಿಸಿ ಮೆತ್ತಗಾಗಿದ್ದವು. ಜಾಲರಿಯ ಲೆಕ್ಕ ನಮ್ಮ ಅಜ್ಜಿಗೆ ಬಹಳ ಸೇರುತ್ತಿತ್ತು ಎಂದಷ್ಟೇ ಹೇಳಿದೆ. ಅದು ಯಾರ ಲೆಕ್ಕವೆಂದು ನಿನಗೆ ಗೊತ್ತು. ಗೊತ್ತಿದ್ದೂ ಹೇಳಲಿಲ್ಲ. ನನ್ನ ಮುಖವನ್ನು ನೋಡಿದೆ, ನಾನು ಹೇಳಲಿ ಎಂದು ಕಾದಂತಿತ್ತು. ನಾನು ಚಹಾ ಕುಡಿ ಎಂದೆ.

ಹೊರಡುವಾಗ ನೀನು ಕೇಳಿದೆ—ಅಪ್ಪ ಒಂದು ವಹಿ ನಿಮಗೆ ಕೊಟ್ಟಿದ್ದರಂತೆ, ಇದೆಯೇ ಎಂದು. ನನಗೆ ನೆನಪಿಲ್ಲ, ಇಲ್ಲಿ ಇಲ್ಲ ಎಂದೆ. ನೀನು, "ಇರ್ಲಿ ಬಿಡ್ರಿ ಸರ್. ಅಪ್ಪನ ಕೈಯಕ್ಷರ ಮನ್ಯಾಗ ಎಲ್ಲೂ ಇಲ್ರಿ. ಅವ್ವ ನೋಡಬೇಕಂತಾಳ, ಅದಕ್ಕ ಕೇಳಿದೆ," ಎಂದೆ. ಶೆಡ್ಡಿನ ಚೀಟಿಗಳು ಮಾಲಿನ ಜೊತೆಗೇ ಹೋಗುತ್ತವೆ. ಮನೆಯಲ್ಲಿ ಬರೆದದ್ದು ಆ ಒಂದು ವಹಿ ಮಾತ್ರ ಅಂತೆ. ಹಾಗೆ ಹೇಳುವಾಗಲೂ ನಿನ್ನ ದನಿಯಲ್ಲಿ ದೂರು ಇರಲಿಲ್ಲ.

ನೀನು ಗೇಟು ದಾಟಿದ ಮೇಲೆ ಸುಮಿತ್ರಾ ಚಹಾದ ಕಪ್ಪು ಎತ್ತಿಕೊಳ್ಳಲು ಬಂದಳು. ಎತ್ತಿಕೊಳ್ಳಲಿಲ್ಲ. "ಅವತ್ತ ನೀವು ಮನ್ಯಾಗ ಇಲ್ಲಂತ ಹೇಳಿದಾಕಿ ನಾ. ಮೂರು ಸಲ ಹೇಳೇನಿ. ಇನ್ನ ನಾ ಹೇಳಂಗಿಲ್ಲ," ಎಂದು ಒಳಗೆ ಹೋದಳು. ನಲವತ್ತು ವರ್ಷದ ಸಂಸಾರದಲ್ಲಿ ಆಕೆ ನನ್ನೊಂದಿಗೆ ಹೀಗೆ ಮಾತಾಡಿದ್ದು ಅದೇ ಮೊದಲು. ಆ ಮೂರು ಸುಳ್ಳನ್ನು ಆಕೆ ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದಳು ಎಂದು ನನಗೆ ಹೊಳೆದೇ ಇರಲಿಲ್ಲ.

ಹೋದ ಭಾನುವಾರ ತಿಕೋಟಾಕ್ಕೆ ಬಂದೆ. ಹೇಳಿಬಿಡಬೇಕು ಎಂದೇ ಬಂದೆ—ನಂಬುವುದಿದ್ದರೆ ನಂಬು. ಖಾಲಿ ಜಾಲರಿಗಳ ನಡುವೆ ನೆಲದ ತುಂಬ ಜನ. ನಿಡೋಣಿಯಿಂದ ಒಂದು ಟ್ರ್ಯಾಕ್ಟರ್ ತುಂಬ ಬಂದಿದ್ದರು. ಒಂದು ಮನೆಗೆ ಒಂದು ಪಾಟಿ, ಬಳಪ ಚಿಕ್ಕ ಮಗುವಿನ ಕೈಯಲ್ಲಿ. ಈ ನಿಯಮ ಸರ್ ಮಾಡಿದ್ದು ಎಂದು ನೀನು ಎಲ್ಲರಿಗೂ ನನ್ನನ್ನು ತೋರಿಸಿ ಹೇಳಿದೆ. ನಾನು ಬಿಟ್ಟ ಹೆಸರುಗಳ ಲೆಕ್ಕ ನಿನಗೆ ಗೊತ್ತಿತ್ತು, ಆದರೂ ನೀನು ನನ್ನ ಹೆಸರನ್ನು ಬಿಡಲಿಲ್ಲ. ನಿನ್ನದೇ ಇನ್ನೊಂದು ನಿಯಮ ಹೇಳಿದೆ: ಯಾರ ಉತ್ತರವನ್ನೂ, ಅದು ಹೇಗೆ ಬಂತೆಂದು ಪೂರಾ ಕೇಳುವ ಮುಂಚೆ ತಪ್ಪು ಅನ್ನುವಂತಿಲ್ಲ. ಮಾಸ್ತರೂ ಅನ್ನುವಂತಿಲ್ಲ, ಎಂದು ಸೇರಿಸಿ ನಕ್ಕೆ. ಎಲ್ಲರೂ ನಕ್ಕರು. ನಾನು ಶಾಲಿನ ಅಂಚು ಹಿಡಿದು ಕೂತಿದ್ದೆ.

ಒಂದು ಪುಟ್ಟ ಹುಡುಗಿ, ಐದು ವರ್ಷದವಳಿರಬೇಕು, ಪೂರಾ ಅಡ್ಡಾದಿಡ್ಡಿ ಉತ್ತರ ಬರೆದು ಪಾಟಿ ಎತ್ತಿದಳು. ನೀನು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ಹೇಗೆ ಬಂತವ್ವಾ ಎಂದು ಕೇಳಿದೆ. ಅವಳು ಬೆರಳು ಮಡಿಸುತ್ತ, ಮರೆಯುತ್ತ, ಮತ್ತೆ ಮೊದಲಿನಿಂದ ಹೇಳುತ್ತ ಹೋದಳು. ಅಷ್ಟು ಜನ, ಟ್ರ್ಯಾಕ್ಟರಿನ ಹುಡುಗರೂ ಸೇರಿ, ಉಸಿರು ಬಿಗಿಹಿಡಿದು ಕೇಳಿದರು. ಅರ್ಧಕ್ಕೆ ಬಂದು ಅವಳೇ ತನ್ನ ತಪ್ಪು ಹಿಡಿದಳು, ತಾನೇ ಒರೆಸಿ ಸರಿ ಬರೆದಳು. ಇಡೀ ಶೆಡ್ಡು ಚಪ್ಪಾಳೆ ಹೊಡೆಯಿತು. ಮೂವತ್ತು ವರ್ಷದಲ್ಲಿ ನಾನು ಒಂದು ದಿನ ಇಂಥ ಪಾಠ ಮಾಡಲಿಲ್ಲ. ಕಣ್ಣು ತುಂಬಿ ಬಂತು, ಸುಳ್ಳು ಹೇಳುವುದಿಲ್ಲ. ನಿನ್ನನ್ನು ಕಂಡು ನನಗೆ ಆದ ಹೆಮ್ಮೆ—ಹೆಮ್ಮೆ ಪಡುವ ಹಕ್ಕು ನನಗಿಲ್ಲ, ಆದರೂ ಆಯಿತು. ಆ ಹೆಮ್ಮೆ ಸಂಗಪ್ಪನವರಿಗೆ ಸೇರಬೇಕಾದದ್ದು. ಶಾಂತವ್ವನಿಗೆ ಸೇರಬೇಕಾದದ್ದು.

ಕೊನೆಗೆ ನಾಲ್ಕು ಮಾತಾಡಿ ಎಂದು ನೀನು ನನಗೆ ಮೈಕು ಕೊಟ್ಟೆ. ನಿನ್ನ ಅವ್ವ ಮುಂದಿನ ಸಾಲಿನಲ್ಲೇ ಕೂತಿದ್ದರು. ನಾನು ಎದ್ದು ನಿಂತೆ. ಮಕ್ಕಳು ದೇವರ ಸಮಾನ ಎಂದೆ, ಇಂಥ ಕೆಲಸ ಎಲ್ಲ ಊರಲ್ಲೂ ಆಗಬೇಕು ಎಂದೆ, ಕೂತೆ. ಇದಾದದ್ದು ಮೊನ್ನೆ ಮೊನ್ನೆ. ಹಾಗಾಗಿ, ಹಳೆಯ ತಪ್ಪು, ಆಗ ಬುದ್ಧಿ ಇರಲಿಲ್ಲ ಎನ್ನುವ ದಾರಿಯೂ ನನಗೆ ಉಳಿದಿಲ್ಲ.

ಈಗ ಮಾಡುವುದನ್ನು ಹೇಳುತ್ತೇನೆ. ಪುಸ್ತಕದ ಪ್ರಕಾಶಕರಿಗೆ ಬರೆದಿದ್ದೇನೆ: ಇನ್ನು ಅಚ್ಚಾಗುವ ಪ್ರತಿಗಳಲ್ಲಿ ಯಾವ ಲೆಕ್ಕ ಯಾರದೋ ಅವರ ಹೆಸರೇ ಇರಬೇಕು, ಕಂಡಕ್ಟರನದನ್ನೂ ಹುಡುಕುತ್ತೇನೆ. ಅಂದು ಬಬಲೇಶ್ವರದ ಆ ಸಾಲೆಗೆ ಬಂದಿದ್ದ ಮನೆಗಳಲ್ಲಿ, ಬರುವ ಭಾನುವಾರಕ್ಕೆ, ಯಾರು ಯಾರು ಸಿಗುತ್ತಾರೋ ಅವರನ್ನೆಲ್ಲ ತಿಕೋಟಾಕ್ಕೆ ಕರೆದಿದ್ದೇನೆ. ಅಂದು ನಕ್ಕವರ ಎದುರಿಗೇ ನಾನು ಇದನ್ನು ಓದುತ್ತೇನೆ. ವಹಿ ತರುತ್ತೇನೆ.

ಆದರೆ ವಹಿಯ ಬಗ್ಗೆ ಒಂದು ಮಾತು ಉಳಿದಿದೆ, ದಾನೇಶ್ವರಿ. ಇದನ್ನು ಬರೆಯಲಾರದೆ ಎರಡು ದಿನ ಕಳೆದೆ. ಲೆಕ್ಕಗಳನ್ನು ಪತ್ರಿಕೆಗೆ ಕಳಿಸಿದೆ ಎಂದೆನಲ್ಲ—ಎಲ್ಲವನ್ನೂ ನಾನು ನಕಲು ಮಾಡಿ ಕಳಿಸಲಿಲ್ಲ. ಸಂಗಪ್ಪನವರ ಚಿತ್ರಗಳು ನನ್ನ ಕೈಯಲ್ಲಿ ಬರುತ್ತಿರಲಿಲ್ಲ, ಮತ್ತೆ ಬರೆಯುವುದಕ್ಕೆ ಸೋಮಾರಿತನ. ಕತ್ತರಿ ತೆಗೆದುಕೊಂಡು ಪುಟವನ್ನೇ ಕತ್ತರಿಸಿ ಕೊಟ್ಟೆ. ಅಚ್ಚಿಗೆ ಹೋದ ಕಾಗದ ಮರಳಿ ಬರುವುದಿಲ್ಲ. ನಿನ್ನೆ ಪತ್ರಿಕೆಯ ಕಚೇರಿಗೆ ಹೋಗಿ ಕೇಳಿದೆ, ಹಳೆಯ ಕಾಗದವೆಲ್ಲ ಎಂದೋ ರದ್ದಿಗೆ ಹೋಗಿದೆ ಎಂದರು. ತೂಕದ ಪಟ್ಟಿ ಹೋಗಿದೆ. ಶೆಡ್ಡಿನ ಚಿತ್ರ ಹೋಗಿದೆ. ಒಟ್ಟು ಏಳು ಪುಟ. ಅಡಿಯಲ್ಲಿದ್ದ ಹೆಸರಿನ ಸಾಲು ನನಗೆ ಬೇಡವಾಗಿತ್ತು, ಹಾಗಾಗಿ ಅದರ ಮೇಲಕ್ಕೆ ಕತ್ತರಿಸಿದ್ದೆ. ವಹಿಯಲ್ಲಿ ಅವು ಹಾಗೇ ಉಳಿದಿವೆ—ಪುಟವಿಲ್ಲದ ಏಳು ಕಾಗದದ ಪಟ್ಟಿಗಳು, ಇದು ದಾನವ್ವಂದು, ಇದು ಶಾಂತವ್ವಂದು, ಇದು ನಮ್ಮ ಅವ್ವಂದು.

ಅದನ್ನು ನಿನ್ನ ಕೈಗಲ್ಲ, ನಿನ್ನ ಅವ್ವನ ಕೈಗೆ ಕೊಡುತ್ತೇನೆ. ಗಂಡನ ಅಕ್ಷರ ನೋಡಲು ಕಾದಿರುವವರು ಅವರು. ಶಾಂತವ್ವ ಪುಟ ತಿರುವಿ ಕತ್ತರಿಸಿದ ಜಾಗಕ್ಕೆ ಬಂದಾಗ ನಾನು ಅವರ ಎದುರಿಗೆ, ಅದೇ ನೆಲದ ಮೇಲೆ ಕೂತಿರುತ್ತೇನೆ. ಅವರು ಏನು ಅಂದರೂ, ಏನೂ ಅನ್ನದಿದ್ದರೂ, ಕೊನೆಯ ಪುಟದ ತನಕ ಎದ್ದು ಹೋಗುವುದಿಲ್ಲ.